ಹಸಿ ಗೋಡೆ

ಕೆನೆಹಳದಿ ಬಣ್ಣದ ಡಬ್ಬಿ ತೆರೆದರೆ ಈಗಲೂ ನನ್ನ ಮೂಗಿಗೆ ಅಡರುವುದು ಗೋಮೂತ್ರದ ನಾತ.

ಮಾಳಮಡ್ಡಿಯ ನಮ್ಮ ಪಡಸಾಲೆಗೆ ಪೇಂಟರ್ ದುರಗಪ್ಪ ಕಾಕಾ ಆ ಬಣ್ಣ ಹಚ್ಚಿ ಹೋದ ಮೇಲೆ ಅಜ್ಜಿಗೆ ಅವರ ಜಾತಿ ತಿಳಿಯಿತು. "ಅಯ್ಯ ರಾಮಾ, ಎಲ್ಲಾ ಮೈಲಿಗಿ!" ಎಂದವಳೇ ಹಸಿ ಗೋಡೆಗೆಲ್ಲ ಗೋಮೂತ್ರ ಚಿಮುಕಿಸಿದಳು. ಕೆನೆಯಂಥ ಬಣ್ಣ ಕೀವು ಸೋರಿದಂತೆ ಇಳಿಯಿತು.

ಮರುದಿನ ಕಾಕಾನನ್ನೇ ಮತ್ತೆ ಕರೆಸಿದರು.

"ನೀರು ಸೋರೈತೇನ್ರಿ, ಅವ್ವಾರ?" ಕಾಕಾ ಗೋಡೆಯ ಹತ್ತಿರ ಮೂಗು ತಂದು ಕೇಳಿದರು.

"ಹೂಂ, ಹಂಚು ಸೋರ್ಯಾವ," ಎಂದಳು ಅಜ್ಜಿ, ಆ ಸುಡುಬೇಸಿಗೆಯಲ್ಲಿ.

ಕಾಕಾ ಇನ್ನೊಮ್ಮೆ ಬಣ್ಣ ಹಚ್ಚಿ ಹೋದರು. ಸಂಜೆ ಅಜ್ಜಿ ನನ್ನ ಕೈಗೆ ಗೋಮೂತ್ರದ ತಂಬಿಗೆ ಕೊಟ್ಟಳು.

"ಈ ಸಲ ಒಣಗ್ಯದೇನು ಮುಟ್ಟಿ ನೋಡಿ ಚಿಮುಕಸು."

ಮುಟ್ಟಿ ನೋಡಿದೆ. ಪೂರಾ ಒಣಗಿತ್ತು. ಚಿಮುಕಿಸಿದೆ.