ನೆರಿಗೆಯ ಕಾರ್ಡು, ಒಂದು ಫೋನ್ ಕರೆ

ಈ ಕಥೆಯಲ್ಲಿ ಕೋಟ್ಯಧಿಪತಿ ಇಲ್ಲ, ಸೋತು ಗೆದ್ದ ವೀರರೂ ಇಲ್ಲ... ತುಮಕೂರಿನ ಒಂದು ಚಿಕ್ಕ ಪ್ರಿಂಟಿಂಗ್ ಅಂಗಡಿ ಇದೆ, ಅಷ್ಟೇ. ಆದರೂ ಓದಿ.

ಅಂಗಡಿಯವನ ಹೆಸರು ಯೋಗಾನಂದ. ವಿಸಿಟಿಂಗ್ ಕಾರ್ಡ್ ಡಿಸೈನ್ ಮಾಡುವುದರಲ್ಲಿ ಎತ್ತಿದ ಕೈ.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಅಂಗಡಿಯೇ ಮನೆಯಾಗಿತ್ತು. ದಿನವಿಡೀ ಫೋನ್ ಬಡಿದುಕೊಳ್ಳುತ್ತಿತ್ತು... ಎಲ್ಲರದೂ ಒಂದೇ ಪ್ರಶ್ನೆ. "ಕಾರ್ಡ್ ಆಯ್ತಾ?"

ಅವನಿಗೊಂದು ಅಭ್ಯಾಸವಿತ್ತು. ಪ್ರಿಂಟ್ ಹಾಕುವ ಮೊದಲು ಕಂಪ್ಯೂಟರ್‌ನಲ್ಲಿ ಕಾಣುವ ನಂಬರ್ ನೋಡಿಕೊಂಡು ತಾನೇ ಡಯಲ್ ಮಾಡುತ್ತಿದ್ದ. ಎದುರಿಗೆ ಕೂತ ಗಿರಾಕಿಯ ಫೋನ್ ರಿಂಗ್ ಆಗಬೇಕು, ಆಮೇಲೆಯೇ ಪ್ರಿಂಟ್.

ಹಿಂದೊಮ್ಮೆ ಒಂದು ಅಂಕಿ ತಪ್ಪಿ, ಓಲಗದವರ ಕಾರ್ಡೆಲ್ಲ ರದ್ದಿಗೆ ಹೋಗಿತ್ತು. ಅಂದಿನಿಂದ ನಂಬರ್ ವಿಷಯದಲ್ಲಿ ಅವನು ಯಾರನ್ನೂ ನಂಬುತ್ತಿರಲಿಲ್ಲ, ತನ್ನನ್ನೂ ಸೇರಿಸಿ.

ಒಂದು ಮಧ್ಯಾಹ್ನ ಪಂಕಜಾಕ್ಷಮ್ಮ ಅನ್ನುವವರು ಬಂದರು. ವಯಸ್ಸು ಅರವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವಯಸ್ಸೆಲ್ಲ ಕಳೆದಿತ್ತು... ಈಗ ಆ ತಾಯಿಯೂ ಇರಲಿಲ್ಲ.

"ಸೀರೆಗೆ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಬಾಕ್ಸ್‌ಗೆ ಹಾಕ್ಕೊಡ್ತೀನಪ್ಪ. ಮದುವೆ ಹೆಣ್ಣು ಸುಮ್ನೆ ಸುತ್ಕೊಂಡ್ರೆ ಆಯ್ತು. ಅದಕ್ಕೊಂದು ಕಾರ್ಡ್ ಬೇಕಿತ್ತು... ಇಸ್ಕೊಂಡೋರು ಬಿಸಾಕಬಾರದು, ಅಂಥದ್ದು."

"ಹೊಸದಾಗಿ ಶುರು ಮಾಡ್ತಿದ್ದೀರಾ ಅಮ್ಮ?"

"ಹೂಂ. ಯುಗಾದಿವರೆಗೂ ನೋಡ್ತೀನಿ. ಯಾರೂ ಕರೀಲಿಲ್ಲ ಅಂದ್ರೆ ಮನೆ ಖಾಲಿ ಮಾಡಿ ದಾವಣಗೆರೆಗೆ, ತಮ್ಮನ ಮನೆಗೆ. ಹಾಲ್‌ನಲ್ಲಿ ಒಂದು ಮಂಚ ಹಾಕ್ಕೊಡ್ತಾರಂತೆ."

ಹೇಳಿ ನಕ್ಕರು. ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಮಾತಾಡುತ್ತಲೇ ಟೇಬಲ್ ಮೇಲಿದ್ದ ರದ್ದಿ ಕಾಗದವನ್ನು ತೆಗೆದುಕೊಂಡು ಬೆರಳಲ್ಲೇ ನೆರಿಗೆ ಹಿಡಿಯುತ್ತಿದ್ದರು. ಯೋಗಾನಂದ ಅದನ್ನೇ ನೋಡಿದ. ಅವನಿಗೆ ಡಿಸೈನ್ ಸಿಕ್ಕಿಬಿಟ್ಟಿತು.

ಉದ್ದನೆಯ ಕಾರ್ಡು, ಸೀರೆಯ ನೆರಿಗೆಯಂತೆ ಮಡಿಕೆಗಳು, ಕೆಳಗೆ ಜರಿಯ ಅಂಚು. ಒಂದೊಂದೇ ಮಡಿಕೆ ಬಿಚ್ಚುತ್ತಾ ಹೋದರೆ ಕೊನೆಗೆ ಅವರ ಹೆಸರು, ವಿಳಾಸ, ನಂಬರ್...

ಪರದೆಯ ಮೇಲೆ ಅದನ್ನು ತೋರಿಸಿ, ಅಭ್ಯಾಸದಂತೆ ನಂಬರ್ ಡಯಲ್ ಮಾಡಿದ.

ರಿಂಗ್ ಕೇಳಿಸಿತು. ಪಂಕಜಾಕ್ಷಮ್ಮ ಅತ್ತಿತ್ತ ನೋಡಿದರು. "ಯಾರದಪ್ಪ ಅದು?"

"ನಿಮ್ಮದೇ ಅಮ್ಮ. ಬ್ಯಾಗಲ್ಲಿ."

ಅವರು ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತರು. ಫೋನ್ ತೆಗೆಯಲಿಲ್ಲ. ಯೋಗಾನಂದ ಕಟ್ ಮಾಡಲು ಹೋದ.

"ಸ್ವಲ್ಪ ಹೊತ್ತು ಹಾಗೇ ಬಿಡಪ್ಪ... ಅಮ್ಮ ಹೋದ್ಮೇಲೆ ಇದು ರಿಂಗೇ ಆಗಿಲ್ಲ. ಹೆಂಗಿರುತ್ತೆ ಅನ್ನೋದೇ ಮರ್ತೋಗಿತ್ತು."

ಅದು ತಾನಾಗಿ ನಿಲ್ಲುವವರೆಗೂ ಯೋಗಾನಂದ ಕಟ್ ಮಾಡಲಿಲ್ಲ.

ಕಾರ್ಡು ಚೆನ್ನಾಗಿ ಬಂತು. ಪಂಕಜಾಕ್ಷಮ್ಮ ಬ್ಯೂಟಿ ಪಾರ್ಲರ್, ಸೀರೆ ಅಂಗಡಿ, ಕಲ್ಯಾಣ ಮಂಟಪ ಅಂತ ಊರೆಲ್ಲ ಹಂಚಿದರು.

ಸ್ವಲ್ಪ ದಿನಗಳ ಮೇಲೆ ಮತ್ತೆ ಅಂಗಡಿಗೆ ಬಂದರು.

"ಎಲ್ರೂ ಚೆನ್ನಾಗಿದೆ ಅಂದ್ರಪ್ಪ. ಬಿಚ್ಚಿ ಬಿಚ್ಚಿ ನೋಡಿದ್ರು, ಜೋಪಾನವಾಗಿ ಎತ್ತಿಟ್ಕೊಂಡ್ರು... ಕಾಲ್ ಮಾತ್ರ ಯಾರೂ ಮಾಡ್ಲಿಲ್ಲ. ನಂಬರ್ ಏನಾದ್ರೂ ತಪ್ಪಿದೆಯಾ, ನೋಡ್ತೀಯಾ?"

ಡಯಲ್ ಮಾಡಿದ. ಬ್ಯಾಗಿನಲ್ಲಿ ರಿಂಗ್ ಆಯಿತು.

"ಸರಿಯಾಗೇ ಇದೆ," ಅಂದರು. ಸರಿಯಿದ್ದದ್ದೇ ಅವರಿಗೆ ಬೇಜಾರಾಗಿತ್ತು.

ಅದೇ ನೆಪ ಹೇಳಿಕೊಂಡು ಇನ್ನೊಮ್ಮೆ ಬಂದರು. ಆಮೇಲೆ ಬರುವುದನ್ನೇ ಬಿಟ್ಟರು. ಯೋಗಾನಂದನಿಗೂ ಮದುವೆ ಪತ್ರಿಕೆಗಳ ಕೆಲಸದಲ್ಲಿ ಮರೆತೇಹೋಯಿತು.

ಯುಗಾದಿ ಹತ್ತಿರ ಬಂದಿತ್ತು. ಒಂದು ದಿನ ಸಂಜೆ ನಾಲ್ಕಾದರೂ ಅವನು ಮಧ್ಯಾಹ್ನದ ಊಟದ ಪಾರ್ಸೆಲ್ ಬಿಚ್ಚಿರಲಿಲ್ಲ. ಯಾವುದೋ ಸ್ಯಾಂಪಲ್ ಹುಡುಕುವಾಗ ನೆರಿಗೆಯ ಕಾರ್ಡು ಕೈಗೆ ಸಿಕ್ಕಿತು.

ಒಂದೊಂದೇ ಮಡಿಕೆ ಬಿಚ್ಚಿ, ನಂಬರ್ ನೋಡಿ, ಡಯಲ್ ಮಾಡಿದ.

"ನಂಬರ್ ಸರಿಯಾಗೇ ಇದೆ ಕಣಪ್ಪ," ಅಂದರು ಪಂಕಜಾಕ್ಷಮ್ಮ. "ಇನ್ನು ಚೆಕ್ ಮಾಡ್ಬೇಡ."

"ಚೆಕ್ ಮಾಡೋಕಲ್ಲ ಅಮ್ಮ. ಸುಮ್ನೆ ಮಾಡ್ದೆ... ಹೇಗಿದ್ದೀರಿ ಅಂತ."

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಸಾಮಾನು ಗಂಟು ಕಟ್ತಿದ್ದೆ. ನಾಳೆ ತಮ್ಮ ವ್ಯಾನ್ ಕಳಿಸ್ತಾನೆ." ಸ್ವಲ್ಪ ತಡೆದು ಕೇಳಿದರು, "ಅದಿರ್ಲಿ... ನಿಂದು ಊಟ ಆಯ್ತಾ?"

ಯೋಗಾನಂದ ಬಿಚ್ಚದ ಪಾರ್ಸೆಲ್ ಕಡೆ ನೋಡಿದ.

ಬೆಳಗಿನಿಂದ ಎಷ್ಟೋ ಜನ "ಕಾರ್ಡ್ ಆಯ್ತಾ" ಎಂದು ಕೇಳಿದ್ದರು. ಹೆಂಡತಿ ಹೋದ ಮೇಲೆ "ಊಟ ಆಯ್ತಾ" ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಅಷ್ಟೊಂದು ಫೋನ್ ಬರುವ ಮನುಷ್ಯ ತಾನೂ ಒಬ್ಬಂಟಿಯೇ ಎಂದು ಅವನಿಗೆ ಅವತ್ತು ಗೊತ್ತಾಯಿತು. ಕೌಂಟರಿಗೆ ತಲೆಯಾನಿಸಿ ಅತ್ತುಬಿಟ್ಟ.

"ಇಲ್ಲಮ್ಮ," ಎಂದ ಕೊನೆಗೆ.

"ಇಷ್ಟ್ ಹೊತ್ತಾದ್ರೂ ಇಲ್ವಾ? ಅನ್ನ ಇದೆ, ಸಾರಿದೆ. ಅಂಗಡಿ ಬಾಗಿಲು ಎಳ್ಕೊಂಡು ಮನೆಗೆ ಬಾ ಸುಮ್ನೆ."

ಸೀರೆಯ ಆರ್ಡರ್ ಅವತ್ತೂ ಬರಲಿಲ್ಲ, ಸುಳ್ಳು ಹೇಳುವುದಿಲ್ಲ.

ಆದರೆ ಪಂಕಜಾಕ್ಷಮ್ಮ ತಮ್ಮನಿಗೆ ಫೋನ್ ಮಾಡಿ, ವ್ಯಾನ್ ಬೇಡ, ಇನ್ನೂ ಸ್ವಲ್ಪ ದಿನ ನೋಡ್ತೀನಿ ಎಂದರು. ಆಮೇಲೆ ಕಟ್ಟಿಟ್ಟಿದ್ದ ಪಾತ್ರೆಯ ಗಂಟು ಬಿಚ್ಚಿ, ಎರಡನೇ ತಟ್ಟೆ ಹೊರಗೆ ತೆಗೆದರು.

*

ನಂಬರ್ ನೂರಾರು ಜನರ ಹತ್ತಿರ ಇರುತ್ತದೆ... ಕೆಲಸವಿಲ್ಲದಿದ್ದರೂ ಕರೆ ಮಾಡುವವರೇ ನಮ್ಮವರು.

ನಿಮ್ಮ ಫೋನಿನಲ್ಲಿ ಸೇವ್ ಆಗಿರುವ ಹೆಸರುಗಳಲ್ಲಿ, "ಊಟ ಆಯ್ತಾ" ಎಂಬ ಒಂದು ಮಾತಿಗಾಗಿ ಇವತ್ತು ಯಾರು ಕಾಯುತ್ತಿರಬಹುದು?