ಕೈ ಕಲಿತದ್ದು

"ಹಡಗಿನ ಚಿತ್ರದ್ದು ಎರಡಿತ್ತಲ್ಲ, ಇನ್ನೊಂದೆಲ್ಲಿ?" ಎಂದರು ಯಜಮಾನರು. ನೀಲಿ ಮಖಮಲ್ಲಿನ ತಟ್ಟೆಯನ್ನು ಬೆಳಕಿಗೆ ಹಿಡಿದಿದ್ದರು. ತಟ್ಟೆ ಖಾಲಿ.

ಹಳೆಯ ನಾಣ್ಯ ಮಾರುವ ಆ ಪುಟ್ಟ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುವವಳು ಅವಳೊಬ್ಬಳೇ. ಅರ್ಧ ಗಂಟೆಯ ಕೆಳಗೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಒಂದೇ ಥರದ ಎರಡು ಬೆಳ್ಳಿ ನಾಣ್ಯಗಳನ್ನು ಭೂತಗನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಚು ಸವೆಯದ್ದನ್ನು ಕೊಂಡು, ಅವಳು ಲಕೋಟೆಗೆ ಹಾಕಿಕೊಟ್ಟ ಮೇಲೆ ಹೊರಟಿದ್ದರು. ಉಳಿದದ್ದು ತಟ್ಟೆಯಲ್ಲೇ ಇರಬೇಕಿತ್ತು. ಅವಳು ಕುರ್ಚಿ ಸರಿಸಿದಳು, ನೆಲಕ್ಕೆ ಕೆನ್ನೆ ತಾಗಿಸಿ ಬೀರುವಿನ ಅಡಿ ಇಣುಕಿದಳು, ಕಸದ ಬುಟ್ಟಿಯನ್ನು ಬೋರಲು ಹಾಕಿದಳು. ಸಿಕ್ಕಿದ್ದು ಒಂದು ಗುಂಡುಪಿನ್ನು. ತಲೆಯೆತ್ತಿದರೆ, ಯಜಮಾನರು ನೆಲ ನೋಡುತ್ತಿರಲಿಲ್ಲ. ಅವಳ ಕೈ ನೋಡುತ್ತಿದ್ದರು.

ಹತ್ತು ತಿಂಗಳು ಕನ್ನಡಿ ಮುಂದೆ ಕೂತು ಕಲಿತ ಕೈಚಳಕವನ್ನು ಅವಳು ಹೊರಗೆ ತೋರಿಸಿದ್ದೇ ಕಳೆದ ವಾರ, ಚಹಾದ ಹೊತ್ತಿನಲ್ಲಿ. ಯಾರದೋ ಆಟದ ನಕಲಲ್ಲ, ತಾನೇ ಕೂಡಿಸಿ ಕಳೆದು ಕಟ್ಟಿದ್ದು. ಅಂಗೈಯಲ್ಲಿದ್ದ ನಾಣ್ಯ ಮಂಗಮಾಯವಾಗಿ, ಬಿಲ್ಲು ಬರೆಯುವ ಅಕ್ಕನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತ್ತು. ಅಕ್ಕ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಯಜಮಾನರಂತೂ ಬಾಯ್ತುಂಬ ಹೊಗಳಿದ್ದರು: "ಇಂಥ ಕೈನ ಇಲ್ಲಿ ಕೌಂಟರಿಗೆ ನಿಲ್ಲಿಸಿದೀನಲ್ಲಮ್ಮ ನಾನು!"

ಈಗ ಅವರು ಕ್ಯಾಮೆರಾದ ಪರದೆ ಹಚ್ಚಿದರು. ಮೂರು ತಲೆಗಳು ಬಗ್ಗಿದವು. ಮೇಲಿನಿಂದ ಹಿಡಿದ ಚಿತ್ರ. ತಟ್ಟೆಯಲ್ಲಿ ಎರಡು ಬಿಳಿ ಚುಕ್ಕೆ. ಅವಳ ಬಲಗೈ ಅದರ ಮೇಲೆ ಹಾಯಿತು. ಕೈ ಸರಿದಾಗ ಒಂದೂ ಇಲ್ಲ.

"ಅವತ್ತು ತೋರಿಸಿದೆಯಲ್ಲ, ಅದೇ ಅಲ್ವೇನಮ್ಮ ಇದು?"

"ಅದು ಆಟ, ಸರ್."

"ಅದು ಆಟ, ಸರಿ. ಇದೇನು?"

ಅಕ್ಕ ಅವಳ ಮುಖ ನೋಡದೆ, "ಬಾಮ್ಮ, ಒಂದ್ಸಲ ನೋಡಿಬಿಡ್ತೀನಿ, ನಿಂಗೂ ನೆಮ್ಮದಿ" ಎಂದು ಒಳಕೋಣೆಗೆ ಕರೆದೊಯ್ದರು. ತೋಳು ಮಡಿಚಿಸಿದರು, ಮುಡಿ ಬಿಚ್ಚಿಸಿದರು, ಚಪ್ಪಲಿ ಕೊಡವಿದರು. ಕುರ್ತಾದ ಜೇಬಿಗೆ ಕೈ ಹಾಕಿದವರು ತಟ್ಟನೆ ನಿಂತರು.

"ಸಿಕ್ತು ಸಾರ್!"

ತಾನು ತೆಗೆದಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಅವಳಿಗೆ ಆಗಲಿಲ್ಲ. ಏಕೆಂದರೆ ಖಾಲಿ ತಟ್ಟೆ ಕಂಡಾಗಿನಿಂದ ಅವಳನ್ನು ತಿನ್ನುತ್ತಿದ್ದ ಹೆದರಿಕೆಯೇ ಬೇರೆ. ಈಚೆಗೆ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ, ಫೋನಿನಲ್ಲಿ ಮಾತಾಡುವಾಗ, ಪಾತ್ರೆ ತೊಳೆಯುವಾಗ, ಸಿಕ್ಕಿದ್ದನ್ನೆಲ್ಲ ತನ್ನಷ್ಟಕ್ಕೆ ಅಡಗಿಸಿಟ್ಟುಕೊಳ್ಳುತ್ತಿತ್ತು. ಮೊನ್ನೆ ಅಮ್ಮನ ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿದ್ದಳು. "ನಿನ್ನ ಕೈಗೆ ಏನಾಗಿದೆಯೇ?" ಎಂದು ಅಮ್ಮ ನಕ್ಕಿದ್ದಳು.

ಅಕ್ಕ ನಾಣ್ಯವನ್ನು ಬೆಳಕಿಗೆ ತಂದರು. ಹಡಗಿಲ್ಲ. ದಿನಬಳಕೆಯ ಮಾಮೂಲಿ ನಾಣ್ಯ, ಬೆರಳು ತಾಗಿ ತಾಗಿ ನುಣ್ಣಗಾದದ್ದು.

"ಇದು ನಂದೇ ಅಕ್ಕ. ಅಭ್ಯಾಸದ್ದು."

ಹೊರಗೆ ಬಂದಾಗ ಯಜಮಾನರು ಫೋನಿನ ಮೇಲೆ ಕೈಯಿಟ್ಟು ಕೂತಿದ್ದರು. "ಪೊಲೀಸು ಗಿಲೀಸು ಅನ್ನೋದು ನಂಗೂ ಇಷ್ಟ ಇಲ್ಲಮ್ಮ. ಕೊಟ್ಟುಬಿಡು, ಇಲ್ಲಿಗೇ ಮುಗಿಸೋಣ. ನಾಳೆಯಿಂದ ಬರಬೇಡ, ಅಷ್ಟೇ."

"ನಿಮ್ಮಾಣೆಗೂ ನಂಗೆ ಗೊತ್ತಿಲ್ಲ ಸರ್." ಆಣೆ ಬಾಯಿಂದ ಬಿದ್ದ ಮೇಲೆ, ಅದು ನಿಜವೇ ಎಂದು ತನ್ನನ್ನೇ ಕೇಳಿಕೊಂಡಳು.

ಅಷ್ಟರಲ್ಲಿ ಅವರ ಕೈಯಡಿ ಫೋನು ಬಡಿದುಕೊಂಡಿತು. ಮೇಷ್ಟ್ರ ದನಿ ಇಡೀ ಅಂಗಡಿಗೆ ಕೇಳುವಷ್ಟು ಜೋರಾಗಿತ್ತು. "ಏನ್ರೀ, ಮನೆಗೆ ಬಂದು ಲಕೋಟೆ ಬಿಚ್ಚಿದರೆ ಎರಡಿವೆ! ನಾನು ತಗೊಂಡಿದ್ದು ಒಂದೇ ಕಣ್ರೀ. ಸಂಜೆ ತಂದು ಕೊಡ್ತೀನಿ."

ಯಜಮಾನರು ಫೋನಿಟ್ಟು ಮುಖ ಒರೆಸಿಕೊಂಡರು. "ಒಂದಕ್ಕೊಂದು ಅಂಟಿಕೊಂಡು ಹೋಗಿರಬೇಕು. ಹಳೇ ಬೆಳ್ಳಿ, ಎಣ್ಣೆ ಜಿಡ್ಡು. ತಪ್ಪು ತಿಳೀಬೇಡಮ್ಮ, ನನ್ನ ಜಾಗದಲ್ಲಿ ಯಾರಿದ್ದರೂ..." ಅಕ್ಕ ಅವಳ ಬೆನ್ನು ಸವರಿದರು. "ಇವಳು ಅಂಥವಳಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು."

ಹೋದ ಜೀವ ಬಂದಂತಾಗಬೇಕಿತ್ತು. ಆದರೆ ಅವಳು ಪರದೆಯ ಮುಂದೆ ಹೋಗಿ ಕೂತು, ಚಿತ್ರವನ್ನು ಹಿಂದಕ್ಕೆ ಓಡಿಸಿ, ಬಲು ನಿಧಾನವಾಗಿ ಬಿಟ್ಟಳು. ಮೇಷ್ಟ್ರು ಏನೋ ತಮಾಷೆ ಹೇಳಿದರು. ಅವಳು ತಲೆ ಹಿಂದಕ್ಕೆಸೆದು ನಕ್ಕಳು. ಆ ನಗುವಿನ ನಡುವೆ ಹೆಬ್ಬೆರಳು ಒಂದಿಷ್ಟೇ ಸರಿಯಿತು. ಬೇರೆಯವರಿಗೆ ಅಲ್ಲಿ ಕಾಣುವಂಥದ್ದೇನಿರಲಿಲ್ಲ. ಅವಳಿಗೆ ಕಂಡಿತು: ಆರಿಸಿದ ನಾಣ್ಯ ಇನ್ನೊಂದರ ಮೇಲೆ ಜಾರಿತು, ಅಂಚಿಗೆ ಅಂಚು ಕೂತಿತು, ತೋರುಬೆರಳು ಆ ಸಂದನ್ನು ಮುಚ್ಚಿತು. ಎರಡು ನಾಣ್ಯ ಒಂದಾಗಿ ಲಕೋಟೆಗೆ ಇಳಿಯಿತು. ಎರಡನ್ನು ಒಂದೆಂದು ನಂಬಿಸುವ ಪಟ್ಟು ಅದು. ಅವಳ ಆಟ ಶುರುವಾಗುವುದೇ ಅಲ್ಲಿಂದ. ಅದೊಂದಕ್ಕೇ ನಾಲ್ಕು ತಿಂಗಳು ಬೆವರು ಸುರಿಸಿದ್ದಳು. ಕನ್ನಡಿ ಮುಂದೆ ಒಮ್ಮೆಯೂ ಅಷ್ಟು ಚೆಂದ ಬಂದಿರಲಿಲ್ಲ.

"ಇನ್ನೂ ಏನಮ್ಮ ನೋಡ್ತಿದ್ದೀಯ?" ಯಜಮಾನರು ಕೇಳಿದರು. "ನಿನ್ನ ತಪ್ಪೇನೂ ಇಲ್ಲ ಅಂತ ಆಯ್ತಲ್ಲ."

"ಏನಿಲ್ಲ ಸರ್" ಎಂದು ಅವಳು ಕಣ್ಣು ಕೆಳಗಿಳಿಸಿದಳು. ಬಲಗೈ ಮೇಜಿನ ಮೇಲೆ ಬೆರಳು ಚಾಚಿ ಮಲಗಿತ್ತು, ಏನೂ ಅರಿಯದ ಮಗುವಿನ ಹಾಗೆ.