ಕಿರುಬೆರಳಿನ ತಿದ್ದುಪಡಿ

ಬೆರಳಚ್ಚು ದಾಖಲೆಗೆ ಹೊಂದದಿದ್ದರೆ ಊರಿನ ಯಾವ ಬಾಗಿಲಾದರೂ ಬೆರಳು ಕಡಿಯುತ್ತಿತ್ತು. ಬಾಗಿಲುಗಳ ಕೋಡ್ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ತಿದ್ದಬಹುದಿತ್ತು. ತಿದ್ದಿದವರೇ ಮೊದಲು ಬೆರಳಿಟ್ಟು ತೋರಿಸಬೇಕು, ಅಷ್ಟೇ.

ಕಸ್ತೂರಿಯ ಅವ್ವ ಕಲ್ಲಿಗೆ ಪಾಲಿಶ್ ಹಾಕುವವಳು. ಅಚ್ಚಿನ ಗೆರೆ ಸವೆದು, ಬಾಗಿಲಿಗೆ ಈಗಾಗಲೇ ಎರಡು ಬೆರಳು ಕೊಟ್ಟಿದ್ದಳು. ಹಾಗಾಗಿ ಕಸ್ತೂರಿ ತನ್ನ ಮೊದಲ ತಿದ್ದುಪಡಿ ತಂದಳು: ಬೆರಳು ಹೊಂದದಿದ್ದರೆ ಬಾಗಿಲು ಕಡಿಯದೆ ಮುಚ್ಚಿಕೊಂಡೇ ಇರಲಿ.

ಪರೀಕ್ಷೆಗಿಟ್ಟ ಬಾಗಿಲಿಗೆ ಅವಳು ತೋರುಬೆರಳು ಇಟ್ಟಳು. ಬಾಗಿಲು ತೆರೆಯಿತು. ತಿದ್ದುಪಡಿ ಪರೀಕ್ಷಿಸುವ ದಾವಲಣ್ಣ ನಕ್ಕ. ಅವನ ಬಲಗೈಯಲ್ಲಿ ಮೂರೇ ಬೆರಳಿದ್ದವು.

“ಸರಿ ಬೆರಳಿಟ್ರ ಹಳೇ ಕೋಡೂ ತೆಗಿತೈತಿ, ತಂಗಿ. ನೋಂದಣಿ ಆಗಲಾರದ ಬೆರಳಿಡು.”

ಕಿರುಬೆರಳು ಇಟ್ಟಳು. ಬಾಗಿಲು ಕಟಕ್ಕೆಂದಿತು. ತುಂಡು ಹೊಸ್ತಿಲಾಚೆ ಬಿತ್ತು. ಕಸ್ತೂರಿ ಕಿರುಚಿದಳು.

“ಹೊಸಾ ಕೋಡ್ ಬರದಿ, ಬಾಗಿಲಿಗೆ ಹಾಕೋದ ಮರತಿ. ಒಳಗ ಹಳೇದ ಓಡಾಕತ್ತೈತಿ. ಮೊದಲ ಸಲ ಎಲ್ಲಾರೂ ಹಿಂಗ ಮಾಡ್ತಾರ,” ಎಂದು ದಾವಲಣ್ಣ ಬಟ್ಟೆ ಎಸೆದ.

ಅವಳು ಬಟ್ಟೆಯಿಂದ ಗಾಯ ಬಿಗಿದು ಕಟ್ಟಿಕೊಂಡು, ಹೊಸ ಕೋಡ್ ಹಾಕಿ, ಉಂಗುರದ ಬೆರಳು ಇಟ್ಟಳು. ಬಾಗಿಲು ಸುಮ್ಮನಿತ್ತು. ದಾವಲಣ್ಣ ಒಪ್ಪಿದ.

ಸಂಜೆಯೊಳಗೆ ತಿದ್ದುಪಡಿ ಊರಿನ ಎಲ್ಲ ಬಾಗಿಲಿಗೂ ಹೋಯಿತು. ಮನೆಯಲ್ಲಿ ಅವ್ವ ಬೆರಳಿಟ್ಟಳು. ಬಾಗಿಲು ತೆರೆಯಲೂ ಇಲ್ಲ, ಕಡಿಯಲೂ ಇಲ್ಲ.

“ಹಾಳಾದ್ದು, ಕೆಟ್ಟೈತಿ,” ಎಂದು ಅವ್ವ ಅದಕ್ಕೆ ಒದ್ದಳು.